ಮುಟ್ಟಬಾರದ ತಲೆ

ಆ ಮೊಣಕಾಲು, ಆ ಬಿಳಿ ಹೆಂಗಸಿನ ಬರಿ ಮೊಣಕಾಲು ಅಪ್ಪನ ಎಡಗಿವಿಗೆ ಅಂಟಿಕೊಂಡೇ ಇದೆ, ಫೋಟೊವನ್ನು ಎಷ್ಟು ಹಿಗ್ಗಿಸಿ ನೋಡಿದರೂ ಕಿವಿಗೂ ಮೊಣಕಾಲಿಗೂ ನಡುವೆ ಕೂದಲೆಳೆಯಷ್ಟು ನೀಲಿ, ಕೊಲ್ಲಿಯ ನೀರಿನ ನೀಲಿ, ಅಷ್ಟೇ — ಯಾವ ದೇಶದವಳೋ ಏನೋ, ತಿಮಿಂಗಿಲ ನೋಡಲು ಬಂದವಳು, ದೋಣಿಯ ಹಿಂದಿನ ಹಲಗೆಯ ಮೇಲೆ ಈಜುಡುಪಿನಲ್ಲಿ ಹಾಯಾಗಿ ಕಾಲು ಮಡಿಸಿ ಕೂತಿದ್ದಾಳೆ, ಇತ್ತ ಚುಕ್ಕಾಣಿ ಹಿಡಿದುಕೊಂಡೇ ತಿರುಗಿದ ಅಪ್ಪ ನಗುತ್ತಿದ್ದಾರೆ, ಮುಂದಿನ ಮುರಿದ ಹಲ್ಲು ಕಾಣುವ ಹಾಗೆ ನಗುತ್ತಿದ್ದಾರೆ, ಕ್ಯಾಮೆರಾ ಕಂಡರೆ ಸಾಕು ಹಲ್ಲುನೋವು ಬಂದವರಂತೆ ಮುಖ ಬಿಗಿಯುತ್ತಿದ್ದ ಅಪ್ಪ, ಮದುವೆಯ ಫೋಟೊದಲ್ಲೂ, ಚರ್ಚಿನ ಹಿರಿಯರ ಸಾಲಿನಲ್ಲೂ, ಪಾಸ್‌ಪೋರ್ಟಿನಲ್ಲೂ ಅದೇ ಬಿಗಿದ ಮುಖ, ನಕ್ಕಿದ್ದು ಇದೊಂದರಲ್ಲೇ, ಅದಕ್ಕೇ ಅತ್ತೆ, ಅಪ್ಪನ ಅಕ್ಕ, ಇದೇ ಇರಲಿ ಎಂದದ್ದು, ಅತ್ತೆ ಹೇಳಿದ ಮೇಲೆ ಮುಗಿಯಿತು — ನಾಳೆ ಬೆಳಿಗ್ಗೆ ಮಣ್ಣು, ಸಮಾಧಿಯ ಮೇಲೆ ಕಟ್ಟುವ ಬ್ಯಾನರಿನಲ್ಲಿ ಅಪ್ಪ ನಗಬೇಕು, ಹಿಂದೆ ಮೋಡ, ಮೋಡದ ನಡುವಿನಿಂದ ಬೆಳಕು, ಪಾದ್ರಿಗಳು ಅದರ ಕೆಳಗೇ ನಿಂತು ಪ್ರಾರ್ಥನೆ ಹೇಳುತ್ತಾರೆ, ಅವರ ನೆತ್ತಿಯ ಮೇಲೆ ಈ ಮೊಣಕಾಲು ಇರಕೂಡದು, ಮೊಣಕಾಲು, ಹಲಗೆ, ಟವೆಲು, ಬಿಯರ್ ಬಾಟಲಿ ಎಲ್ಲ ಮಬ್ಬಾಗಿ ಮುಖವೊಂದೇ ಸ್ಪಷ್ಟವಾಗಿ ಉಳಿಯಬೇಕು, ದಿನಾ ಮಾಡುವ ಕೆಲಸವೇ, ಲುಪೆ ದಿನಾ ಮಾಡುವ ಕೆಲಸವೇ ಇದು, ಈ ದ್ವೀಪದ ನೇಯಾಫು ಊರಿನಲ್ಲಿ ಇದನ್ನು ಅವಳಷ್ಟು ನೀಟಾಗಿ ಮಾಡುವವರು ಇನ್ನೊಬ್ಬರಿಲ್ಲ, ಮೌಸಿನ ಮೇಲೆ ಕೈಯಿದೆ, ಇರುವುದು ಕಣ್ಣಿಗೆ ಕಾಣುತ್ತಿದೆ, ಇದೆ ಅಂತ ಅನ್ನಿಸುತ್ತಿಲ್ಲ.

ಚಾಪೆ ಚುಚ್ಚುತ್ತಿದೆ, ಸೊಂಟಕ್ಕೆ ಸುತ್ತಿದ ಸೂತಕದ ಹರಕು ಚಾಪೆ, ಸತ್ತವರ ಮಕ್ಕಳಿಗೆ ಎಲ್ಲರಿಗಿಂತ ದೊಡ್ಡದು, ಎಲ್ಲರಿಗಿಂತ ಹರಿದದ್ದು, ಕೂತರೆ ಗಲ್ಲದವರೆಗೂ ಬರುತ್ತದೆ, ಕುರ್ಚಿಯ ಕೈಗಳ ನಡುವೆ ಇರುಕಿಕೊಂಡು ಎದೆಗೆ ಒತ್ತುತ್ತದೆ, ತೆಗೆದಿಟ್ಟು ಕೆಲಸ ಮಾಡಮ್ಮ ಯಾರು ನೋಡ್ತಾರೆ ಇಲ್ಲಿ ಎಂದ ಸೆಮಿಸಿ, ಅಂಗಡಿಯ ಯಜಮಾನ, ಒಳ್ಳೆಯವನೇ, ಬೇರೆ ದ್ವೀಪದವನು, ಅವಳು ತೆಗೆಯಲಿಲ್ಲ, ಬಿಚ್ಚಿ ಹರಡಿದ ಕೂದಲೂ ಹಾಗೆಯೇ ಕೀಲಿಮಣೆಯ ಮೇಲೆ ಬೀಳುತ್ತಿದೆ, ಹಿಂದಕ್ಕೆ ತಳ್ಳಿದರೆ ಮತ್ತೆ ಬೀಳುತ್ತದೆ, ಅಕ್ಷರಗಳ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ಕೋಣೆಯಲ್ಲಿ ಮುದ್ರಣದ ಯಂತ್ರ ಬಿಸಿಯಾಗುತ್ತಾ ಗುಂಯ್‌ಗುಡುತ್ತಿದೆ, ಶಾಯಿಯ ವಾಸನೆ, ಪ್ಲಾಸ್ಟಿಕ್ಕಿನ ವಾಸನೆ, ಈ ಊರಿನ ಸತ್ತವರೆಲ್ಲ ಈ ವಾಸನೆಯಲ್ಲೇ ಹೊರಬಂದವರು, ಮೀನುಗಾರರು, ಟೀಚರಮ್ಮಂದಿರು, ಬ್ಯಾಂಡಿನ ತುತ್ತೂರಿಯವರು, ಹಾಲುಗಲ್ಲದ ಮಗು ಕೂಡ, ಎಲ್ಲರಿಗೂ ಲುಪೆ ಹಿಂದಿನ ಗೋಡೆಯನ್ನೂ ಬಟ್ಟೆಯ ಹಗ್ಗವನ್ನೂ ಮಬ್ಬು ಮಾಡಿ ತಲೆಯ ಹಿಂದಿನಿಂದ ಬೆಳಕು ಹೊರಡಿಸಿದ್ದಾಳೆ, ಮೊದಲು ಉಂಗುರ, ಹಾಗೆ ಕರೆಯುವುದು ಅವಳೇ, ಪರದೆಯ ಮೇಲೆ ಬರುವ ಪುಟ್ಟ ಬಿಳಿ ಉಂಗುರ, ನಡುವೆ ಚುಕ್ಕಿ, ಅದನ್ನು ಒತ್ತಿ ಹಿಡಿದು ಎಳೆದು ಸತ್ತವರ ಹುಬ್ಬುಗಳ ನಡುವೆ ತಂದು ಕೂರಿಸಬೇಕು, ಕೂರಿಸಿ ಬೆರಳು ಎತ್ತಿದರೆ ಅಲ್ಲಿಂದ ಒಂದು ಅಂಡಾಕಾರ ಹರಡುತ್ತದೆ, ಮತ್ತೆ ಉಂಗುರ ಎಳೆದರೆ ಅದೂ ಜೊತೆಗೇ ಸರಿಯುತ್ತದೆ, ಒಳಗಿರುವುದೆಲ್ಲ ಸ್ಪಷ್ಟ, ಹೊರಗಿರುವುದೆಲ್ಲ ನಿಧಾನಕ್ಕೆ ಮಬ್ಬು, ಆಮೇಲೆ ಬೆಳಕು, ಬೆಳಕೂ ಅದೇ ಚುಕ್ಕಿಯಿಂದ ಹೊರಡಬೇಕು, ಮಬ್ಬಿಗೊಂದು ನಡು ಬೆಳಕಿಗೊಂದು ನಡು ಮಾಡಿದರೆ ಮುಖ ಕಿತ್ತು ಅಂಟಿಸಿದ ಹಾಗೆ ಕಾಣುತ್ತದೆ, ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಮಾಡಿ ಮಾಡಿ ತಿಳಿದದ್ದು. ಸೆಮಿಸಿಗೆ ಯಂತ್ರ ಗೊತ್ತು, ಇದು ಗೊತ್ತಿಲ್ಲ, ಒಮ್ಮೆ ಅವಳಿಗೆ ಜ್ವರ ಬಂದಾಗ ಅವನೇ ಮಾಡಿದ್ದ, ಚರ್ಚಿನ ಹಿರಿಯರೊಬ್ಬರ ಬೆಳಕು ಹೊಕ್ಕುಳಿನಿಂದ ಹೊರಟಿತ್ತು, ಆ ಮನೆಯವರು ಈಗಲೂ ಅವನನ್ನು ಮಾತಾಡಿಸುವುದಿಲ್ಲ, ನಾನು ಮಾಡ್ಲೇನಮ್ಮ ಲುಪೆ ಎಂದು ಬೆಳಿಗ್ಗೆ ಅವನು ಕೇಳಿದಾಗ ಬೇಡ ಎಂದದ್ದು ಅದಕ್ಕೇ, ಹೊಕ್ಕುಳಿನ ಭಯಕ್ಕೇ, ಅದೊಂದಕ್ಕೇ ಅಂತಲೂ ಅಲ್ಲ.

ತಲೆ. ಅಪ್ಪನ ತಲೆ. ಮಕ್ಕಳು ಅಪ್ಪನ ತಲೆ ಮುಟ್ಟಬಾರದು, ಅವರು ಕುಡಿದು ಬಿಟ್ಟ ಲೋಟದಲ್ಲಿ ಕುಡಿಯಬಾರದು, ಅವರ ತಲೆಯ ಮೇಲಿನಿಂದ ಕೈ ಚಾಚಿ ಏನನ್ನೂ ಎತ್ತಿಕೊಳ್ಳಬಾರದು, ಇದನ್ನೆಲ್ಲ ಯಾವಾಗ ಹೇಳಿಕೊಟ್ಟರು ಎಂದು ಕೇಳಿದರೆ ನೆನಪಿಲ್ಲ, ನಡೆಯುವುದನ್ನು ಯಾವಾಗ ಕಲಿತೆ ಎಂದರೆ ಹೇಗೆ ನೆನಪಿಲ್ಲವೋ ಹಾಗೆ, ಮುಟ್ಟಿದ್ರೆ ಕೈ ಊದ್ಕೊಳ್ಳುತ್ತೆ ನೋಡು ಹಲಸಿನಕಾಯಿ ಥರ ಎಂದು ಅಜ್ಜಿ ಹೆದರಿಸುತ್ತಿದ್ದಳು, ಈಗ ಬೇರೆ ಮನೆಗಳಲ್ಲಿ ಅಷ್ಟಿಲ್ಲ, ಬೇರೆ ಮನೆಯ ಹೆಣ್ಣುಮಕ್ಕಳು ಪೆಟ್ಟಿಗೆ ಮುಚ್ಚುವ ಮೊದಲು ಅಪ್ಪನ ಹಣೆಗೆ ಮುತ್ತು ಕೊಡುವುದನ್ನು ಅವಳೇ ನೋಡಿದ್ದಾಳೆ, ಇವರ ಮನೆಯಲ್ಲಿ ಅತ್ತೆ ಬಿಟ್ಟಾರೆಯೇ, ಬಿಡುವುದಿಲ್ಲ, ಕಲೊಲೈನೆ ಅತ್ತೆ, ಅಪ್ಪನ ಅಕ್ಕ, ಇಡೀ ಮನೆತನಕ್ಕೆ ದೊಡ್ಡವರು, ಅಪ್ಪನಿಗಿಂತಲೂ ಮೇಲು, ಈಗ ಅಪ್ಪನ ತಲೆದೆಸೆಯಲ್ಲಿ ಚಾಪೆಗಳ ರಾಶಿಯ ಮೇಲೆ ಕೂತಿರುವವರು ಅವರೇ, ಮಕ್ಕಳು ಹೊರಗೆ, ಅಡುಗೆಯ ಹೊಗೆಯಲ್ಲಿ, ಗೆಡ್ಡೆ ಸುಲಿಯುವುದಕ್ಕೆ, ಹಂದಿ ಸುಡುವುದಕ್ಕೆ, ಲುಪೆಯೊಬ್ಬಳು ಇಲ್ಲಿ ಬ್ಯಾನರಿಗೆ. ಅಮ್ಮ ಹೋದಾಗ ಹೀಗಾಗಿರಲಿಲ್ಲ, ಅಮ್ಮನ ತಲೆ ಯಾರ ತಲೆ, ಅವಳದೇ ತಲೆ, ಬಾಚಿದ ತಲೆ, ಎಣ್ಣೆ ಹಚ್ಚಿದ ತಲೆ, ಕೊನೆಯ ದಿನಗಳಲ್ಲಿ ತೊಡೆಯ ಮೇಲಿಟ್ಟುಕೊಂಡ ತಲೆ, ಅಮ್ಮನ ಹುಬ್ಬುಗಳ ನಡುವೆ ಉಂಗುರ ಕೂರಿಸಿದ್ದು ಹಣೆಗೆ ಕೈ ಇಟ್ಟ ಹಾಗೇ ಆಗಿತ್ತು, ಅಳುತ್ತಲೇ ಮಾಡಿದ್ದಳು, ಪರದೆ ಕಾಣದಷ್ಟು ಅತ್ತು ಅತ್ತು ಮಾಡಿದ್ದಳು, ಕೆಲಸ ಚೆನ್ನಾಗೇ ಬಂದಿತ್ತು. ಈಗ ಕಣ್ಣು ಒಣಗಿದೆ, ಪರದೆ ಚೆನ್ನಾಗಿ ಕಾಣುತ್ತಿದೆ, ಅಪ್ಪನ ಒಂದೊಂದು ಗಡ್ಡದ ಕೂದಲೂ ಕಾಣುತ್ತಿದೆ, ಉಂಗುರ ಚಿತ್ರದ ನಟ್ಟನಡುವೆ ನೀರಿನ ಮೇಲೆ ನಿಂತಿದೆ, ಅಪ್ಪ ಬಲಗಡೆ, ಎಳೆದು ಕೂರಿಸಬೇಕು.

ಎಳೆದಳು, ಹೆಗಲಿನವರೆಗೆ ಬಂತು, ಅಂಗಿಯ ಕಾಲರಿನವರೆಗೆ ಬಂತು, ಅಲ್ಲಿ ಕೈ ನಿಂತಿತು, ವಾಪಸು ನೀರಿಗೆ, ಮತ್ತೆ ಹೆಗಲಿಗೆ, ಮತ್ತೆ ನೀರಿಗೆ — ಮೇಜಿನ ಮೇಲೆ ಫೋನು ನಡುಗಿತು, ವಾಸಿ, ಆಕ್ಲೆಂಡಿನಲ್ಲಿರುವ ಅಕ್ಕ, ವಿಮಾನ ನಿಲ್ದಾಣದಲ್ಲಿ ಕೂತಿದ್ದಾಳಂತೆ, ಬ್ಯಾನರ್ ಆಯ್ತಾ ತೋರ್ಸು, ಆಗಿಲ್ಲ ಯಾಕೆ, ಏನು ತಲೆ ಮುಟ್ಟಬೇಕಾ, ಏ ಲುಪೆ ಅದು ಫೋಟೊ ಕಣೇ, ಅಪ್ಪ ಅಲ್ಲ, ಹೇಳುವಾಗಲೇ ಅವಳ ದನಿ ಒಡೆಯಿತು, ಅಪ್ಪ ಅಲ್ಲ ಎನ್ನುವಾಗ, ಬಿಕ್ಕಿ ಬಿಕ್ಕಿ ಅತ್ತಳು, ಹಿಂದೆ ಯಾರೋ ವಿಮಾನದ ಹೆಸರು ಕೂಗುತ್ತಿದ್ದರು, ಲುಪೆ ಫೋನನ್ನು ಕಿವಿಗೆ ಹಿಡಿದುಕೊಂಡು ಕಾದಳು, ಅಕ್ಕನ ಅಳು ಮುಗಿಯಲಿ ಎಂದು ಅಂಗಡಿಯಲ್ಲಿ ಸರತಿ ಕಾಯುವವರ ಹಾಗೆ ಕಾದಳು, ಆಮೇಲೆ ಸರಿ ಇಡ್ತೀನಿ ಎಂದಳು. ಫೋಟೊ ಕಣೇ. ಹೌದು ಫೋಟೊ, ಹಾಗಿದ್ದರೆ ಅದರ ಕೆಳಗೆ ನಿಂತು ಪಾದ್ರಿಗಳು ತಲೆ ಬಾಗಿಸುವುದು ಯಾಕೆ, ಹಾಗಿದ್ದರೆ ಮಳೆ ಬಂದಾಗ ಜನ ಓಡಿ ಹೋಗಿ ಬ್ಯಾನರಿಗೆ ಪ್ಲಾಸ್ಟಿಕ್ ಹೊದಿಸುವುದು ಯಾಕೆ, ವಾಸಿಗೆ ಅಲ್ಲಿ ಕೂತು ಹೇಳುವುದು ಸುಲಭ, ಅವಳು ಅಪ್ಪನ ಪಕ್ಕದಲ್ಲಿ ಕೂತು ದೊಡ್ಡ ಹಡಗಿನಲ್ಲಿ ಹೋದವಳಲ್ಲ — ರಾಜಧಾನಿಗೆ ಹೊರಟಿದ್ದ ಹಡಗು, ಬೆಂಚಿನ ಮೇಲೆ ಅಪ್ಪ ಇವಳು ಇಬ್ಬರೇ, ಅಮ್ಮನ ಔಷಧಿಗೆ, ಅಲೆಗಳು ಎತ್ತಿ ಎತ್ತಿ ಹಾಕುತ್ತಿದ್ದವು, ಅಪ್ಪ ಕೂತಲ್ಲೇ ನಿದ್ದೆ ಹೋದರು, ತಲೆ ತೂಗಿ ತೂಗಿ ಕೊನೆಗೆ ಇವಳ ಹೆಗಲ ಮೇಲೆ ಬಂದು ಕೂತಿತು, ಭಾರ, ಇಷ್ಟು ಭಾರ ಇರುತ್ತದೆಯೇ ತಲೆ ಎಂದುಕೊಂಡಳು, ಬೆವರು, ಡೀಸೆಲ್ಲು, ಮೀನು, ಅವಳು ಉಸಿರನ್ನೂ ಸಣ್ಣಗೆ ಬಿಡುತ್ತಾ ಕೂತಳು, ಅಲುಗಿದರೆ ಎಚ್ಚರವಾದಾರು, ಎಚ್ಚರವಾದರೆ ಏನೆಂದುಕೊಂಡಾರು, ಕತ್ತು ಸೆಟೆದು ತೋಳು ಜೋಮು ಹಿಡಿಯಿತು, ತಾನು ಮುಟ್ಟಿದ ಹಾಗಾಯಿತೋ ಅವರೇ ಮುಟ್ಟಿದ ಹಾಗಾಯಿತೋ, ಕೈ ಊದುತ್ತದೆಯೋ ಎಂದು ಊರು ಮುಟ್ಟುವವರೆಗೆ ಮತ್ತೆ ಮತ್ತೆ ಬೆರಳು ನೋಡಿಕೊಂಡಳು, ಊದಲಿಲ್ಲ, ಯಾರಿಗೂ ಹೇಳಲಿಲ್ಲ, ಎಚ್ಚರವಾದ ಅಪ್ಪ ಹಸಿವಾಯ್ತಾ ಎಂದಷ್ಟೇ ಕೇಳಿದರು. ಹೂಂ ಎಂದಿದ್ದಳು.

ಬೇರೆ ದಾರಿ ಇಲ್ಲವೇ, ಇದೆ, ಉಂಗುರ ಬಿಟ್ಟು ಕುಂಚದಿಂದ ಉಜ್ಜಿ ಉಜ್ಜಿ ಮೊಣಕಾಲನ್ನು ಮಬ್ಬು ಮಾಡಬಹುದು, ಆದರೆ ಉಜ್ಜಬೇಕಾದದ್ದು ಕಿವಿಯ ಅಂಚಿನಲ್ಲಿ, ಕೆನ್ನೆಯ ಅಂಚಿನಲ್ಲಿ, ಕೂದಲಿನೊಳಗೆ, ಅದು ಇನ್ನೂ ಕೆಟ್ಟದ್ದು, ಉಂಗುರವನ್ನು ಇದ್ದಲ್ಲೇ ಬಿಟ್ಟು ಚಿತ್ರವನ್ನೇ ಅದರ ಕೆಳಗೆ ಜರುಗಿಸಬಹುದು, ಜರುಗಿಸುವುದೆಂದರೆ ಅಪ್ಪನನ್ನು ಹಿಡಿದು ಎಳೆಯುವುದು ತಾನೇ, ತಲೆ ಹಿಡಿದು ಎಳೆಯುವುದು, ಯಾರಿಗೆ ಮೋಸ ಇದು, ಕತ್ತಲು ಕವಿಯುವ ಮೊದಲು ಯಂತ್ರಕ್ಕೆ ಹೋಗಬೇಕು, ಶಾಯಿ ಒಣಗಬೇಕು, ಹಗ್ಗ ತೂರಿಸಲು ಅಂಚಿಗೆ ಲೋಹದ ಕಣ್ಣು ಕೂರಿಸಬೇಕು, ರಾತ್ರಿ ಜಾಗರಣೆಯ ಹಾಡು ಶುರುವಾದ ಮೇಲೆ ಅಂಗಡಿಯಲ್ಲಿ ಬೆಳಕು ಹಾಕಕೂಡದು ಎಂದಿದ್ದಾರೆ ಅತ್ತೆ. ಆವತ್ತು ಸುದ್ದಿ ಬಂದಾಗಲೂ ಇದೇ ಕುರ್ಚಿ, ಇದೇ ಪರದೆ, ಯಾರದೋ ಅಜ್ಜ, ಕಿವಿಯ ಹಿಂದೆ ಬಾಳೆಗಿಡ, ಅಂಚನ್ನು ಮೃದು ಮಾಡುತ್ತಿದ್ದಳು, ಸೆಮಿಸಿ ಹಿಂದಿನಿಂದ ಬಂದು ನಿಂತ, ಲುಪೆ, ನಿಮ್ಮಪ್ಪ ದೋಣಿಕಟ್ಟೆ ಮೇಲೆ ಬಿದ್ರಂತೆ, ಆಸ್ಪತ್ರೆಗೆ ತಗೊಂಡು ಹೋದ್ರಂತೆ, ಹೋಗೋ ದಾರೀಲೇ, ಅಷ್ಟು ಹೇಳಿ ನಿಲ್ಲಿಸಿದ, ಅವಳಿಗೆ ಅರ್ಥವಾಯಿತು, ಅರ್ಥವಾದ ಮೇಲೂ ಅಜ್ಜನ ಕಿವಿಯ ಅಂಚನ್ನು ಇನ್ನೊಂದಿಷ್ಟು ಮೃದು ಮಾಡಿದಳು, ಇನ್ನೊಂದು ಚೂರು, ಸರಿ ಬಂತು, ಫೈಲನ್ನು ಉಳಿಸಿದಳು, ಹೆಸರು ಕೊಟ್ಟು ಉಳಿಸಿದಳು, ಆಮೇಲೆ ಎದ್ದಳು, ಸೆಮಿಸಿ ಅವಳನ್ನು ನೋಡಿದ ರೀತಿ, ಇವಳೇನು ಮನುಷ್ಯಳೋ ಮರವೋ ಎಂಬಂತೆ, ಅವಳಿಗೂ ಗೊತ್ತಿಲ್ಲ, ಆವತ್ತಿನಿಂದ ಎಲ್ಲವೂ ಅಂಡಾಕಾರದ ಹೊರಗಡೆಯೇ ಇದೆ, ಅಳುವವರು, ಹಾಡುವವರು, ಬೇಲಿಗೆ ಕಟ್ಟಿದ ಕಪ್ಪು ಬಟ್ಟೆ, ಚಾಪೆ ಹೊತ್ತು ತರುವ ನೆಂಟರು, ಎಲ್ಲವೂ ಇದೆ, ಯಾವುದಕ್ಕೂ ಅಂಚಿಲ್ಲ.

ಕೊನೆಗೆ ಹೀಗೆ ಮಾಡಿದಳು, ಉಂಗುರವನ್ನು ಅಪ್ಪನ ಕಿವಿಯಿಂದ ಒಂದು ಬೆರಳಿನಷ್ಟು ಆಚೆ ಇಟ್ಟಳು, ಮುಟ್ಟಲಿಲ್ಲ, ಪಕ್ಕದಲ್ಲಿಟ್ಟಳು, ಅಂಡಾಕಾರವನ್ನು ಹಿಗ್ಗಿಸಿದರೆ ಮುಖವೂ ಒಳಗೆ ಬರುತ್ತದಲ್ಲ ಎಂದು ಹಿಗ್ಗಿಸಿದಳು, ಮುಖ ಬಂತು, ಮೊಣಕಾಲೂ ಬಂತು, ಟವೆಲೂ ಬಂತು, ಬಿಯರ್ ಬಾಟಲಿಯೂ ಬಂತು, ಕುಗ್ಗಿಸಿದಳು, ಬಾಟಲಿ ಹೋಯಿತು, ಟವೆಲು ಹೋಯಿತು, ಮುಖವೂ ಹೋಯಿತು, ಅಷ್ಟರಲ್ಲಿ ಕಣ್ಣು ಸೋತಿತ್ತು, ಸೋತಿತ್ತೋ ಬೇಕಂತಲೇ ನೋಡಲಿಲ್ಲವೋ, ಸೆಮಿಸಿ, ಒಂದು ಸಣ್ಣ ಹಾಳೇಲಿ ಪ್ರಿಂಟ್ ತೆಗೀರಿ ನೋಡೋಣ ಎಂದಳು, ಹಾಳೆ ಬಂತು, ಸೆಮಿಸಿ ಅದನ್ನು ನೋಡಿದ, ತಿರುಗಿಸಿ ಹಿಡಿದು ಮತ್ತೆ ನೋಡಿದ, ಹೊರಗೆ ವ್ಯಾನು ನಿಂತ ಸದ್ದು, ಬಾಗಿಲಲ್ಲಿ ಕಪ್ಪು ಬಟ್ಟೆ, ಬಾಗಿಲು ತುಂಬಾ ಕಪ್ಪು ಬಟ್ಟೆ, ಅತ್ತೆ. ಸತ್ತವರ ತಲೆದೆಸೆ ಬಿಟ್ಟು ಬಂದಿದ್ದಾರೆ, ಪಾದ್ರಿಗಳ ಹೆಂಡತಿಯನ್ನು ಕೂರಿಸಿ ಬಂದಿದ್ದಾರಂತೆ ಒಂದು ಗಳಿಗೆಗೆ, ಬ್ಯಾನರ್ ಎಲ್ಲಿ ಎಂದರು, ಸೆಮಿಸಿ ಹಾಳೆಯನ್ನು ಹಿಂದೆ ಬಚ್ಚಿಡಲು ನೋಡಿದ, ಅತ್ತೆ ಕೈ ಚಾಚಿದರು, ಅತ್ತೆ ಕೈ ಚಾಚಿದ ಮೇಲೆ ಕೊಡದೆ ಇರುವ ಗಂಡಸು ಈ ದ್ವೀಪದಲ್ಲಿಲ್ಲ, ಕೊಟ್ಟ. ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಮತ್ತೆ ದೂರ ಹಿಡಿದು ನೋಡಿದರು, ಕನ್ನಡಕ ಮನೆಯಲ್ಲಿದೆ, ಆದರೂ ಕಂಡಿತು, ಕಾಣದೆ ಏನು, ಅಷ್ಟು ಚೊಕ್ಕವಾಗಿ, ರೋಮ ಎಣಿಸುವಷ್ಟು ಚೊಕ್ಕವಾಗಿ ಬಂದಿತ್ತು ಮೊಣಕಾಲು, ಅದರ ಹಿಂದಿನಿಂದ ಬಂಗಾರದ ಬೆಳಕು, ಪಕ್ಕದಲ್ಲಿ ಹೊಗೆಯ ಮುದ್ದೆ, ಆ ಮುದ್ದೆ ಅಪ್ಪ. ಇದ್ಯಾರ ಮಣ್ಣು ಲುಪೆ, ನನ್ನ ತಮ್ಮಂದೋ ಈ ಅರೆಬತ್ತಲೆ ಹೆಂಗಸಿಂದೋ. ಸೆಮಿಸಿ ಕೆಮ್ಮಿದ, ಕೆಮ್ಮುತ್ತಲೇ ಯಂತ್ರದ ಕೋಣೆಗೆ ಹೋದ, ಅಲ್ಲೂ ಕೆಮ್ಮಿದ, ಬೇರೆ ದಿನವಾಗಿದ್ದರೆ ಲುಪೆಯೂ ನಗುತ್ತಿದ್ದಳು, ಅಪ್ಪ ಇದ್ದಿದ್ದರೆ ಅವರಂತೂ ಬಿದ್ದು ಬಿದ್ದು ನಗುತ್ತಿದ್ದರು.

ಉಂಗುರ ಪಕ್ಕಕ್ಕೆ ಹೋಯ್ತು ಅತ್ತೆ ಎಂದಳು. ಯಾಕ್ ಹೋಯ್ತು, ಊರಿನೋರ ಅಜ್ಜಂದಿರಿಗೆಲ್ಲ ಸರಿ ಕೂರುತ್ತೆ, ನಿಮ್ಮಪ್ಪನಿಗೆ ಮಾತ್ರ ಯಾಕ್ ಹೋಗುತ್ತೆ. ಅದನ್ನ ಹುಬ್ಬಿನ ನಡುವೆ ಇಡ್ಬೇಕು ಅತ್ತೆ, ತಲೆ ಮೇಲೆ. ಇಡು ಮತ್ತೆ. ಲುಪೆಯ ಕೂದಲು ಕೀಲಿಮಣೆಯ ಮೇಲೆ ಬಿತ್ತು, ತಳ್ಳಲಿಲ್ಲ, ಅತ್ತೆ ಅವಳ ಕೈ ನೋಡಿದರು, ಪರದೆ ನೋಡಿದರು, ಮತ್ತೆ ಕೈ ನೋಡಿದರು, ಓ ಎಂದರು, ಅಷ್ಟೇ, ಓ, ಕಾಲಿನಿಂದಲೇ ಪ್ಲಾಸ್ಟಿಕ್ ಸ್ಟೂಲನ್ನು ಎಳೆದುಕೊಂಡು ಪಕ್ಕದಲ್ಲಿ ಕೂತರು, ಸ್ಟೂಲು ಕಿರುಗುಟ್ಟಿತು. ಜರುಗು. ನೀನು ಇಡ್ಬೇಡ, ಸರಿಯಾಗೇ ಮಾಡಿದೀಯ, ನೀನು ಇಡೋದು ಬೇಡ, ನಾನು ಇಡ್ತೀನಿ, ಆ ತಲೇಲಿ ಹೇನು ಹೆಕ್ಕಿದೋಳು ನಾನು, ಆ ತಲೆಗೆ ಮೊಟಕಿದೋಳು ನಾನು, ನಂಗೇನು. ಹತ್ತಿರ ಬಂದಾಗ ವಾಸನೆ ಬಂತು, ಗಂಧದ ಚಕ್ಕೆ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ, ಈಗಷ್ಟೇ ಅವನ ತಲೆಗೆ ಎಣ್ಣೆ ಹಚ್ಚಿ ಬಾಚಿ ಬಂದೆ, ನಾಳೆ ಚೆನ್ನಾಗಿ ಕಾಣ್ಬೇಕಲ್ಲ, ಕೈ ಒರೆಸ್ಕೊಂಡೆ, ಹೋಗ್ಲಿಲ್ಲ ನೋಡು ಎಂದು ಅಂಗೈ ತೋರಿಸಿದರು, ಮಿರಿಮಿರಿ ಮಿನುಗುತ್ತಿತ್ತು. ಎಲ್ಲಿ, ಇಲ್ಲಿ ತಾನೇ ಎಂದು ತೋರುಬೆರಳನ್ನು ಪರದೆಯ ಗಾಜಿಗೇ ಒತ್ತಿದರು, ಹುಬ್ಬುಗಳ ನಡುವೆ, ಸರಿಯಾಗಿ ಅಲ್ಲೇ, ಲುಪೆ ಅಳೆದು ಇಟ್ಟಿದ್ದರೂ ಅದಕ್ಕಿಂತ ಸರಿ ಇಡಲಾಗುತ್ತಿರಲಿಲ್ಲ, ಏನೂ ಆಗಲಿಲ್ಲ, ನನ್ನ ಫೋನಲ್ಲಾದ್ರೆ ಆಗುತ್ತಲ್ಲೇ, ಇದರಲ್ಲಿ ಆಗಲ್ಲ ಅತ್ತೆ, ಈ ಮೌಸಿಂದ ಆಗ್ಬೇಕು, ಉಂಗುರದ ಮೇಲೆ ತಂದು ಒತ್ತಿ ಹಿಡ್ಕೊಳ್ಳಿ, ಹಿಡ್ಕೊಂಡೇ ಎಳೀರಿ. ತೆಂಗಿನಕಾಯಿ ಹಿಡಿದ ಹಾಗೆ ಹಿಡಿದರು, ಎಣ್ಣೆಗೈ, ಜಾರಿತು, ಉಂಗುರ ಆಕಾಶಕ್ಕೆ ಹೋಯಿತು, ಸಮುದ್ರಕ್ಕೆ ಬಿತ್ತು, ಅಪ್ಪನ ಜೇಬಿನೊಳಗೆ ಹೋಗಿ ಬಂತು, ಥೂ ಇದರ, ಬಾಯಲ್ಲೇ ಬೈಗುಳ ನುಂಗಿದರು, ಸೂತಕದ ದಿನ, ಕೊನೆಗೆ ಎಡಗಿವಿ ದಾಟಿ, ಹಣೆ ದಾಟಿ, ಹುಬ್ಬುಗಳನ್ನೂ ದಾಟಿ ಬಲಗಡೆಯ ಕಣತಲೆಯ ಮೇಲೆ, ಕೂದಲು ಶುರುವಾಗುವಲ್ಲಿ ನಿಂತಿತು, ಬೆರಳು ಎತ್ತಿದರು.

ಹೋಯ್ತು ನೋಡು ಆ ಕಾಲು, ಪೂರ್ತಿ ಹೋಯ್ತು ಎಂದರು ಅತ್ತೆ, ಹೌದು, ಮೊಣಕಾಲು ಹೋಯಿತು, ಹೆಂಗಸು ಹೋದಳು, ಎಲ್ಲ ಕೊಲ್ಲಿಯ ನೀಲಿಯಲ್ಲಿ ಕರಗಿತು, ಬೆಳಕು ಕಣತಲೆಯಿಂದ ಹೊರಟಿತು, ಬಲಗಣ್ಣು ಥಳಥಳ, ಎಡಗಣ್ಣು ಅಷ್ಟಕ್ಕಷ್ಟೇ, ಬಾಯಿ ಇಲ್ಲ, ಬಾಯಿ ಅಂಡಾಕಾರದ ಹೊರಗೆ ಉಳಿಯಿತು, ಮುರಿದ ಹಲ್ಲು ಹೋಯಿತು, ನಗು ಹೋಯಿತು, ಯಾವ ನಗುವಿಗೆಂದು ಈ ಮೊಣಕಾಲಿನ ಫೋಟೊವನ್ನೇ ಆರಿಸಿದರೋ ಆ ನಗುವೇ ಮಬ್ಬಿನಲ್ಲಿ ಹೋಯಿತು, ಕನ್ನಡಕವಿಲ್ಲದ ಅತ್ತೆಗೆ ಅದು ಕಾಣುತ್ತಿಲ್ಲ, ಅತ್ತೆ ತಮ್ಮನ ನಗುವನ್ನು ಕಣ್ಣಿನಿಂದ ನೋಡುತ್ತಿಲ್ಲ, ನೆನಪಿನಿಂದ ನೋಡುತ್ತಿದ್ದಾರೆ, ಸರಿಯಾಯ್ತಾ ಲುಪೆ ಎಂದು ಕೇಳಿದರು, ಹೊರಗೆ ವ್ಯಾನು ಹಾರನ್ ಹೊಡೆಯಿತು, ಪಕ್ಕದ ದ್ವೀಪದ ನೆಂಟರು ಬಂದಿಳಿದಿದ್ದಾರೆ, ತಲೆದೆಸೆಯಲ್ಲಿ ಅತ್ತೆಯಿಲ್ಲದೆ ಅವರು ತಂದ ಕಾಣಿಕೆಯ ಚಾಪೆ ಯಾರು ಇಸಿದುಕೊಳ್ಳುವುದು, ಸರಿಯಾಗಿಲ್ಲ ಅತ್ತೆ ಇನ್ನೊಮ್ಮೆ ಇಡಿ ಎನ್ನಬೇಕಿತ್ತು, ಆದರೆ ಅತ್ತೆ ಇಟ್ಟದ್ದನ್ನು ಸರಿಯಿಲ್ಲ ಎಂದವರು ಅವರ ಮನೆಯಲ್ಲಿ ಯಾರೂ ಇಲ್ಲ, ಅಪ್ಪನೂ ಅಂದವರಲ್ಲ. ಸರಿಯಾಯ್ತು ಅತ್ತೆ. ಎದ್ದರು, ಮೊಣಕಾಲಿಗೆ ಕೈಯೂರಿ ಎದ್ದರು, ಹೋಗುವವರು ನಿಂತು ಅವಳ ಮುಖ ನೋಡಿದರು, ನೀನು ಅತ್ತಿಲ್ಲ ಅಂತ ಹೇಳಿದ್ರು, ಯಾಕೆ. ಗೊತ್ತಿಲ್ಲ ಅತ್ತೆ. ಅವನ ಮೇಲೆ ಕೋಪವಾ. ಇಲ್ಲ ಅತ್ತೆ, ಏನೂ ಇಲ್ಲ, ಏನೂ ಆಗ್ತಿಲ್ಲ. ನೀನು ಹುಟ್ಟಿದಾಗ ಅವನೂ ಹಿಂಗೇ ನಿಂತಿದ್ದ, ಮರ ನಿಂತ ಹಾಗೆ, ಎತ್ಕೊಳ್ಳೋ ಅಂದ್ರೆ ನನ್ನ ಕೈ ಒರಟು ಅಕ್ಕ ಅಂತ ಹಿಂದಕ್ಕೆ ಹೋದ ಎಂದರು, ಮುಗಿಸ್ಕೊಂಡು ಬೇಗ ಬಾ, ಒಲೆ ಹತ್ರ ಕೂತ್ಕೋ, ಹೊಗೆಗಾದ್ರೂ ಕಣ್ಣಲ್ಲಿ ನೀರು ಬರ್ಲಿ, ನೋಡೋರು ಏನಂದ್ಕೋತಾರೆ. ವ್ಯಾನಿನ ಬಾಗಿಲು ಎರಡು ಸಲ ಹಾಕಿದ ಮೇಲೆ ಮುಚ್ಚಿತು.

ಲುಪೆ ಪ್ರಿಂಟಿಗೆ ಹಾಕ್ಲೇನಮ್ಮ ಬಿಸಿಲು ಇಳೀತಾ ಇದೆ, ಸೆಮಿಸಿ, ಒಳಗಿನಿಂದ, ಒಂದು ನಿಮಿಷ ಎಂದಳು, ಒಂದು ನಿಮಿಷ, ಹಾಕಿ ಎಂದುಬಿಟ್ಟರೆ ಮುಗಿಯಿತು, ಹಾಕಿಯೇ ಬಿಡಲಿ, ಅತ್ತೆ ಇಟ್ಟದ್ದು, ಇಡಬೇಕಾದವರು ಇಟ್ಟದ್ದು, ಯಾರ ತಪ್ಪೂ ಅಲ್ಲ, ಯಾರೂ ಏನೂ ಅನ್ನುವುದಿಲ್ಲ, ಬಾಯಿಲ್ಲದ ಅಪ್ಪ ಸಮಾಧಿಯ ಮೇಲೆ ಗಾಳಿಗೆ ಪಟಪಟ ಎನ್ನುತ್ತಾರೆ, ಬಿಸಿಲಿಗೆ ಬಣ್ಣ ಹೋಗುವವರೆಗೆ, ವಾಸಿ ಬಂದು ನೋಡುತ್ತಾಳೆ, ಎಲ್ಲೇ ಅಪ್ಪನ ನಗು ಎನ್ನುತ್ತಾಳೆ, ಊರವರ ಅಜ್ಜಂದಿರ ಒಂದು ರೋಮ ಮಬ್ಬಾದರೂ ಬಿಡದವಳು ನೀನು, ಯಾರದೋ ಅಜ್ಜನ ಕಿವಿಗಾಗಿ ಅಪ್ಪ ಸತ್ತ ಸುದ್ದಿಯನ್ನೂ ಕಾಯಿಸಿದವಳು — ಕೈ ಮೌಸಿನ ಮೇಲ್ಗಡೆ ಹೋಯಿತು, ಕೂತಿತು, ಜಿಡ್ಡು, ಬೆಚ್ಚಗೆ, ಅತ್ತೆಯ ಅಂಗೈ ಬಿಟ್ಟುಹೋದ ಎಣ್ಣೆ, ಗಂಧದ ವಾಸನೆ, ಅಪ್ಪನ ಕೂದಲಿನಲ್ಲಿ ಆಡಿ ಬಂದ ಕೈಯ ಎಣ್ಣೆ, ಅಪ್ಪನ ತಲೆಯ ಎಣ್ಣೆ, ಇದು ಫೋಟೊ ಅಲ್ಲ ವಾಸಿ, ಇದು ಅಲ್ಲ, ಬೆರಳ ಸಂದಿಗೆ ಇಳಿಯುತ್ತಿದೆ, ತೆಗೆಯಬೇಕು ಕೈ, ತೆಗೆಯಲಿಲ್ಲ, ಪರದೆಯ ಬಾಣ ಕಣತಲೆಯ ಮೇಲಿನ ಉಂಗುರಕ್ಕೆ ಬಂತು, ಅವಳೇ ತಂದಳು, ಒತ್ತಿದಳು. ಒತ್ತಿದಳು, ಏನೂ ಆಗಲಿಲ್ಲ, ಸಿಡಿಲು ಬೀಳಲಿಲ್ಲ, ಯಂತ್ರ ಗುಂಯ್‌ಗುಡುತ್ತಲೇ ಇತ್ತು, ಎಳೆದಳು, ನಿಧಾನಕ್ಕೆ, ಕಣತಲೆಯ ನರದ ಮೇಲಿಂದ, ನರೆತ ಕೂದಲಿನ ಬುಡದಿಂದ, ಬಿಸಿಲಿಗೆ ಕಪ್ಪಾದ ಹಣೆಯ ಗೆರೆಗಳ ಮೇಲಿಂದ, ಒಂದು ಗೆರೆ, ಇನ್ನೊಂದು ಗೆರೆ, ಇಷ್ಟು ಗೆರೆಗಳಿದ್ದವೇ, ಹುಬ್ಬಿನಲ್ಲಿ ಒಂದು ಬೋಳು ಜಾಗವಿದೆ, ಇದನ್ನು ಅವಳು ಒಂದು ದಿನವೂ ನೋಡಿಲ್ಲ, ಅಪ್ಪನ ಮುಖವನ್ನು ಇಷ್ಟು ಹೊತ್ತು ಅವಳು ಒಂದು ದಿನವೂ ನೋಡಿಲ್ಲ, ಉಂಗುರ ಸರಿದಂತೆ ಮುಖ ತಿಳಿಯಾಗುತ್ತಾ ಬಂತು, ಎಡಗಣ್ಣು ಬಂತು, ಮೂಗು ಬಂತು, ಮೀಸೆ, ತುಟಿ, ಹಲ್ಲು, ಮುರಿದ ಹಲ್ಲು, ನಗು ಬಂತು, ಪೂರ್ತಿ ಬಂತು, ಗಾಜಿನ ಮೇಲೆ ಅತ್ತೆಯ ಬೆರಳಿನ ಎಣ್ಣೆಯ ಗುರುತು, ಅದರ ಸುರುಳಿ ಸುರುಳಿ ಗೆರೆಗಳ ನಟ್ಟನಡುವೆ ಉಂಗುರ ನಿಂತಿತು. ಸರಿಯಾದ ಜಾಗ. ಬೆರಳು ಎತ್ತಬೇಕು, ಎತ್ತಿದರೆ ಕೂರುತ್ತದೆ, ಕೂತರೆ ಆಯಿತು, ಆಮೇಲೆ ಉಳಿಸಬೇಕು, ಹೆಸರು ಕೊಡಬೇಕು, ಅಪ್ಪನ ಹೆಸರು ಇಸಿಲೇಲಿ, ಕೊಟ್ಟು ಕಳಿಸಬೇಕು, ಆಮೇಲೆ ಮುಟ್ಟುವುದಕ್ಕೆ ಏನೂ ಉಳಿಯುವುದಿಲ್ಲ, ಲುಪೆ ಆಯ್ತೇನಮ್ಮ, ಆಯ್ತು ಎನ್ನಬೇಕು, ಬೆರಳಿನ ತುದಿ ಬಿಸಿಯಾಗಿದೆ, ಆವತ್ತಿನಿಂದ ಮೊದಲ ಸಲ ಏನೋ ಬಿಸಿ, ತುದಿಯಲ್ಲಷ್ಟೇ, ಊದುತ್ತಿದೆಯೋ, ಊದಲಿ, ಅಪ್ಪಾ ಊದಲಿ, ಹುಬ್ಬುಗಳ ನಡುವೆ ಉಂಗುರ, ಎತ್ತಬೇಕು, ಲುಪೆ ಎಂದ ಒಳಗಿನಿಂದ, ಹುಬ್ಬುಗಳ ನಡುವೆ ಉಂಗುರ, ಒತ್ತಿ ಹಿಡಿದ ಬೆರಳು, ಹುಬ್ಬುಗಳ ನಡುವೆ ಉಂಗುರ